ಸಪ್ಪೆಯವರ ಮನೆಯ ಪಂದ್ಯ

ಪಟ್ಟಿಯ ಮೊದಲನೆಯ ಸಾಲಿನಲ್ಲಿ ‘ಉಪ್ಪು ಇಲ್ಲ – ನಾಲ್ಕು’ ಎಂದಿತ್ತು. ಎರಡನೆಯದರಲ್ಲಿ ‘ಸಕ್ಕರೆ ಇಲ್ಲ – ಮೂರು’. ಮೂರನೆಯದರಲ್ಲಿ ‘ಮೆತ್ತಗೆ, ಹಲ್ಲಿಲ್ಲ – ಒಂದು’. ಕೊನೆಯಲ್ಲಿ, ಏನೋ ಉಪಕಾರ ಮಾಡಿದ ಹಾಗೆ, ‘ಏನು ಕೊಟ್ಟರೂ ನಡೆಯುತ್ತೆ – ಮೂರು’. ಹೆಂಡತಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪೂರ್ತಿ ಓದಿದಳು. ಆಮೇಲೆ ಪಟ್ಟಿಯನ್ನು ಊಟದ ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೊಂದು ಲೋಟ ಇಟ್ಟಳು.

"ಇದೇನ್ರೀ, ಪಾರ್ಟಿನಾ, ವಾರ್ಡಾ?"

"ಬರೋರು ಹನ್ನೊಂದು ಜನ. ಯಾರಿಗೆ ಏನು ಆಗಲ್ಲ ಅಂತ ನೋಡ್ಬೇಡ್ವಾ?"

"ಅವರು ಫುಟ್‌ಬಾಲ್ ನೋಡೋಕೆ ಬರ್ತಿರೋದು. ಅಡ್ಮಿಟ್ ಆಗೋಕಲ್ಲ."

ಅಡುಗೆಯವನು ಪೆನ್ನಿಗೆ ಮುಚ್ಚಳ ಹಾಕಿದ. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಪಥ್ಯದ ಊಟ ಮಾಡಿ ಕಳಿಸುವವನು ಅವನು. ದಿನಕ್ಕೆ ಮುನ್ನೂರ ನಲವತ್ತು ತಟ್ಟೆ. ಹೃದಯದವರದ್ದು ಬೇರೆ, ಕಿಡ್ನಿಯವರದ್ದು ಬೇರೆ, ನಾಳೆ ಆಪರೇಷನ್ ಇರುವವರದ್ದು ಇನ್ನೂ ಬೇರೆ. ಅಷ್ಟು ವರ್ಷದಲ್ಲಿ ಒಂದು ತಟ್ಟೆಯೂ ತಪ್ಪು ಹಾಸಿಗೆಗೆ ಹೋಗಿಲ್ಲ. ಇದನ್ನು ಅವನು ಯಾರಿಗೂ ಹೇಳಿಕೊಂಡಿಲ್ಲ, ಯಾಕೆಂದರೆ ಯಾರೂ ಕೇಳಿಲ್ಲ. ಆಸ್ಪತ್ರೆ ಊಟ ಎಂದ ಕೂಡಲೇ ಮುಖ ಸಿಂಡರಿಸುವುದು ಬಿಟ್ಟರೆ ಜನಕ್ಕೆ ಅದರ ಬಗ್ಗೆ ಬೇರೇನೂ ಗೊತ್ತಿಲ್ಲ. ಅವನ ತೊಂದರೆಯೇನೆಂದರೆ, ಕಟ್ಟಡದ ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ಅವನಿಗೆ ಮೊದಲು ಕಾಣುವುದು ಅವರ ಮುಖವಲ್ಲ, ಅವರ ಪಥ್ಯ.

ಈ ಗಡಿಬಿಡಿಗೆಲ್ಲ ಕಾರಣ ಮಗಳು. ವಾರದಲ್ಲಿ ಐದು ದಿನ ಬೇರೆ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ಅವಳು, ಉಳಿದ ಎರಡು ದಿನ ಫುಟ್‌ಬಾಲ್ ಮೈದಾನದ ಅಂಚಿನ ಗೆರೆಯ ಮೇಲೆ ಬಾವುಟ ಹಿಡಿದು ಓಡುತ್ತಾಳೆ. ಲೈನ್ ರೆಫ್ರಿ. ಒಂಬತ್ತು ವರ್ಷ ಮಣ್ಣಿನ ಮೈದಾನಗಳಲ್ಲಿ, ನೋಡುವವರಿಗಿಂತ ಆಡುವವರೇ ಹೆಚ್ಚಿದ್ದ ಪಂದ್ಯಗಳಲ್ಲಿ ಓಡಿದ್ದಳು. ಈಗ ಮೊದಲ ಸಲ ದೊಡ್ಡ ಲೀಗಿನ ಪಂದ್ಯ, ಟಿವಿಯಲ್ಲಿ ಬರುವಂಥದ್ದು. ಹಸಿರು ಅಂಗಿಯವರಿಗೂ ಹಳದಿ ಅಂಗಿಯವರಿಗೂ. ನೇಮಕದ ಕಾಗದ ಬಂದ ದಿನ ಅಡುಗೆಯವನು ಆಸ್ಪತ್ರೆಯ ಉಗ್ರಾಣದೊಳಗೆ ಹೋಗಿ, ಅಕ್ಕಿ ಚೀಲದ ಮೇಲೆ ಕೂತು, ಎರಡು ನಿಮಿಷ ಸುಮ್ಮನೆ ಅತ್ತಿದ್ದ. ಆಮೇಲೆ ಮುಖ ತೊಳೆದುಕೊಂಡು ಬಂದು ಮಧ್ಯಾಹ್ನದ ತಟ್ಟೆಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದ.

"ಹೋಟ್ಲಿಂದ ತರಿಸೋಣ," ಎಂದಳು ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾರಿಗೆ ಏನು ಕಾಣಿಸುವುದಿಲ್ಲ ಎಂದು ಪತ್ತೆ ಮಾಡುವುದೇ ಅವಳ ಕೆಲಸ. "ನೀವೂ ಆರಾಮಾಗಿ ಕೂತು ನೋಡಬಹುದು. ಅಣ್ಣನ ಬಾಯಿಗೂ ಬೀಳೋದು ಬೇಡ."

"ಮಗಳು ಟಿವಿಲಿ ಬರೋ ದಿನ ಹೊರಗಿನ ಊಟನಾ? ನಾನು ಅಡುಗೆಯವನು ಕಣೇ."

"ಅದಕ್ಕೇ ಹೇಳಿದ್ದು."

ಮಾತು ತಟ್ಟಬೇಕಾದಲ್ಲೇ ತಟ್ಟಿತ್ತು.

ಹೆಂಡತಿಯ ಅಣ್ಣ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬೀದಿಗೆಲ್ಲ ಅವನು ಡ್ರೈವರ್, ಅಡುಗೆಯವನಿಗೆ ಡ್ರೈವರ್ ಭಾವ. ಮೂರು ವರ್ಷದ ಹಿಂದೆ ಎದೆ ಹಿಡಿದುಕೊಂಡು ಇದೇ ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದ. ಅಷ್ಟೂ ದಿನ ಅವನ ತಟ್ಟೆಯನ್ನು ಅಡುಗೆಯವನೇ ಬೇರೆಯಾಗಿ, ಕೈಯಾರೆ ಮಾಡಿ ಕಳಿಸಿದ್ದ. ಏಳನೆಯ ದಿನ ಆ ತಟ್ಟೆ ಹಾಗೆಯೇ ವಾಪಸ್ಸು ಬಂತು. ಜೊತೆಗೆ ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ಸಾಲು: ‘ಸಪ್ಪೆ ಸಾಹೇಬರಿಗೆ ನಮಸ್ಕಾರ. ಬದುಕಿಸಿ, ಆದರೆ ಹೀಗಲ್ಲ.’ ಅಡುಗೆಮನೆಯಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ. ಭಾವ ಮನೆಗೆ ಬಂದ ಮೇಲೆ ಆ ಚೀಟಿಯ ಕಥೆಯನ್ನು ನೆಂಟರಿಷ್ಟರಲ್ಲಿ ಒಬ್ಬರನ್ನೂ ಬಿಡದೆ ಹೇಳಿದ. ಆರು ತಿಂಗಳಲ್ಲಿ ಹಾಲು ಹಾಕುವವನ ಬಾಯಲ್ಲೂ ಅಡುಗೆಯವನು ‘ಸಪ್ಪೆಯವರು’ ಆಗಿಬಿಟ್ಟ. ಆಮೇಲೂ ಅವನು ನಗುತ್ತಲೇ ಇದ್ದ. ಆದರೆ ಅದು ಅವನಿಗೆ ನೋಯುತ್ತಿತ್ತು. ತಾನು ಬದುಕಿಸಿದ ಬಾಯಿಯೇ ತನಗೆ ಈ ಹೆಸರಿಟ್ಟಿತಲ್ಲ ಎಂದು, ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಎಷ್ಟೋ ಸಲ ಅಂದುಕೊಂಡಿದ್ದ.

ಅವತ್ತು ಸಂಜೆ ಮಗಳು ಫೋನ್ ಮಾಡಿದಾಗ ಅವನು ಪಟ್ಟಿ ಓದಿ ಹೇಳಿದ. ಅವಳು ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕಳು.

"ಅಪ್ಪಾ, ತಟ್ಟೆ ಮೇಲೆ ಹಾಸಿಗೆ ನಂಬರ್ ಹಾಕ್ತೀಯಾ?"

"ನಗಬೇಡ. ಎಲ್ಲರಿಗೂ ಉಪ್ಪು ಖಾರ ಹಾಕಿ ಮಾಡಿದ್ರೆ ಭಾವಂಗೆ ಆಗಲ್ಲ. ಹಾಕದೇ ಇದ್ರೆ ನಾನು ಸಪ್ಪೆ."

"ಎರಡು ಪಾತ್ರೇಲಿ ಮಾಡು. ನೋಡೋಕೆ ಒಂದೇ ಥರ ಇರಲಿ. ಉಪ್ಪಿಲ್ಲದ್ದು ಯಾವುದು ಅಂತ ಯಾರಿಗೂ ಹೇಳಬೇಡ."

"ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತಲ್ಲೇ."

"ಗೊತ್ತಾಗದ ಹಾಗೆ ಮಾಡು. ಅಡುಗೆಯವನಲ್ವಾ ನೀನು?" ಆಮೇಲೆ ನಗು ನಿಲ್ಲಿಸಿ ಅವಳೇ ಹೇಳಿದಳು: "ನನ್ನ ಕೆಲಸಾನೂ ಅದೇ ಅಪ್ಪಾ. ನಾನು ಸರಿಯಾಗಿ ಮಾಡಿದ್ರೆ ತೊಂಬತ್ತು ನಿಮಿಷ ನನ್ನನ್ನ ಯಾರೂ ನೋಡಲ್ಲ."

"ನೋಡಲ್ಲ ಅಂದ್ರೆ? ಹನ್ನೊಂದು ಜನ ಕರೆದಿದೀನಿ."

ಪಂದ್ಯಕ್ಕೆ ಹತ್ತು ದಿನ ಇತ್ತು. ಅವನು ಹಟಕ್ಕೆ ಬಿದ್ದ. ಊಟ ಇಷ್ಟೇ ಎಂದು ಮೊದಲು ನಿರ್ಧಾರವಾಯಿತು: ಕೋಳಿಯೂ ಕಾಳೂ ಹಾಕಿದ ಗಟ್ಟಿ ಸಾರು, ಒಲೆಯಲ್ಲಿ ಸುಟ್ಟ ಆಲೂಗಡ್ಡೆ, ಸೌತೆಕಾಯಿ, ಕೊನೆಗೆ ಹಣ್ಣು. ಆಲೂಗಡ್ಡೆಗೆ ಮೆಣಸಿನ ಪುಡಿ ಮಾತ್ರ, ಎಲ್ಲರಿಗೂ ಒಂದೇ. ಹಲ್ಲಿಲ್ಲದವರು ಅದನ್ನು ಸಾರಿನಲ್ಲಿ ಕಿವುಚಿಕೊಂಡರಾಯಿತು. ಹಾಗಾಗಿ ಎಲ್ಲವೂ ಸಾರಿನ ಮೇಲೆ ನಿಂತಿತು. ಉಪ್ಪಿಲ್ಲದೆ ರುಚಿ ಬರಿಸುವ ಉಪಾಯಗಳು ಅವನಿಗೆ ಹತ್ತಾರು ಗೊತ್ತಿದ್ದವು. ಆದರೆ ಮುನ್ನೂರ ನಲವತ್ತು ತಟ್ಟೆಯ ಅವಸರದಲ್ಲಿ ಅವನ್ನೆಲ್ಲ ಮಾಡಲು ಯಾವತ್ತೂ ಪುರುಸೊತ್ತು ಸಿಕ್ಕಿರಲಿಲ್ಲ.

ಮೊದಲ ಸಲದ್ದನ್ನು ಹೆಂಡತಿ ಒಂದು ಚಮಚ ಕುಡಿದು ಕಷಾಯ ಎಂದಳು. ಎರಡನೆಯ ಸಲ ಹುಳಿ ಹೆಚ್ಚಾಯಿತು. ಮೂರನೆಯ ಸಲ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಕೈಬಿಡದೆ ಹುರಿದು, ಅದು ಕಂದು ದಾಟಿ ಕಪ್ಪಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಇಳಿಸಿದ. ಟೊಮೇಟೊವನ್ನು ಬೆಂಕಿಯ ಮೇಲೆ ಸುಟ್ಟು ಸಿಪ್ಪೆ ತೆಗೆದ. ಒಣಗಿದ ಅಣಬೆ ಪುಡಿ ಮಾಡಿ ಸೇರಿಸಿದ. ಎಲ್ಲ ಮುಗಿದು ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿದ. ಹೆಂಡತಿ ಬಟ್ಟಲು ಮುಗಿಸಿ ಇನ್ನಷ್ಟು ಹಾಕಿಸಿಕೊಂಡಳು.

"ಇದು ಉಪ್ಪು ಹಾಕಿದ್ದಲ್ವಾ?"

"ಅಲ್ಲ."

ಅವಳು ಬಟ್ಟಲನ್ನೂ ಅವನನ್ನೂ ಮತ್ತೊಮ್ಮೆ ನೋಡಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಹೆಚ್ಚೆಂದರೆ ನಾಲ್ಕು ಸಲ. ಅವನು ಲೆಕ್ಕ ಇಟ್ಟಿದ್ದ.

ಪಂದ್ಯ ಸಂಜೆ ನಾಲ್ಕಕ್ಕೆ. ಅಡುಗೆಮನೆಯ ಗೋಡೆಗೆ ಅವನು ಹೊಸ ಪಟ್ಟಿ ಅಂಟಿಸಿದ್ದ. ‘3.40 ಉರಿ ಸಣ್ಣ. 3.55 ಆಲೂಗಡ್ಡೆ ಹೊರಗೆ. 4.46 ತಟ್ಟೆ. 4.58 ಹಣ್ಣು. 5.01 ಎಲ್ಲರೂ ಕೂತಿರಬೇಕು.’ ಅರ್ಧ ಆಟ ಮುಗಿದ ಮೇಲಿನ ಹದಿನೈದು ನಿಮಿಷದಲ್ಲೇ ಊಟ ಆಗಬೇಕು, ಮಗಳು ಓಡುವಾಗ ಯಾರೂ ತಟ್ಟೆಯ ಕಡೆ ನೋಡಬಾರದು, ತಾನಂತೂ ಒಂದು ನಿಮಿಷವೂ ಟಿವಿಯ ಮುಂದಿನಿಂದ ಏಳಬಾರದು. ಒಲೆಯ ಮೇಲೆ ಒಂದೇ ಅಳತೆಯ ಎರಡು ಪಾತ್ರೆ ಕೂತಿದ್ದವು. ಉಪ್ಪಿಲ್ಲದ್ದರ ಮುಚ್ಚಳವನ್ನು ಅವನು ಮಗುಚಿ, ಹಿಡಿ ಒಳಗೆ ಬರುವ ಹಾಗೆ ಇಟ್ಟಿದ್ದ. ಆಸ್ಪತ್ರೆಯ ಅಡುಗೆಮನೆಯಲ್ಲಿ ಅದೇ ಗುರುತು. ಅಲ್ಲಿ ಮಗುಚಿದ ಮುಚ್ಚಳವನ್ನು ದೊಡ್ಡ ಡಾಕ್ಟರು ಬಂದರೂ ಮುಟ್ಟುವುದಿಲ್ಲ.

ಮೂರೂವರೆಗೆ ಜನ ಬರತೊಡಗಿದರು. ಮೇಲಿನ ಮನೆಯ ನಿವೃತ್ತ ಟೀಚರಮ್ಮ ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದರು. ಎದುರು ಮನೆಯ ಎಲೆಕ್ಟ್ರಿಷಿಯನ್ ಕುಟುಂಬ ಸಮೇತ ಬಂದು, ಟಿವಿಯ ಹಿಂದಿನ ವಯರನ್ನು ಕೇಳದೆಯೇ ಸರಿಮಾಡಿದ. ಕೊನೆಗೆ ಡ್ರೈವರ್ ಭಾವ ಬಂದ. ಹೊಟ್ಟೆಯ ಮೇಲೆ ಬಿಗಿದು ನಿಂತ ಹಸಿರು ಅಂಗಿ. ಹುಡುಗನಾಗಿದ್ದಾಗಿನಿಂದ ಅವನ ಪ್ರಾಣವೆಲ್ಲ ಆ ತಂಡದ ಮೇಲೆ. ಅಂಗಿಯ ಜೇಬಿನಿಂದ ಕೆಂಪು ಮುಚ್ಚಳದ ಒಂದು ಉಪ್ಪಿನ ಡಬ್ಬಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಟಿವಿಯ ಪಕ್ಕದ ಮೇಜಿನ ಮೇಲಿಟ್ಟ. ಅಂಗಡಿಯಿಂದ ತಂದ ಹೊಸ ಡಬ್ಬಿ, ಮೇಲಿನ ಸೀಲು ಕೂಡ ಹರಿದಿರಲಿಲ್ಲ.

"ಊಟ ನಿಂದೇ ಅಂತ ಗೊತ್ತಾಯ್ತಯ್ಯಾ ಸಪ್ಪೆ. ಅದಕ್ಕೇ ನನ್ನ ಉಪ್ಪು ನಾನೇ ತಂದೆ."

ಮನೆಯೆಲ್ಲ ನಕ್ಕಿತು. ಎಲೆಕ್ಟ್ರಿಷಿಯನ್ ಅಂತೂ ತೊಡೆ ತಟ್ಟಿಕೊಂಡು ನಕ್ಕ. ಅಡುಗೆಯವನೂ ವಾಡಿಕೆಯಂತೆ ನಕ್ಕ. ಆದರೆ ಡಬ್ಬಿಯ ಮೇಲಿಂದ ಅವನ ಕಣ್ಣು ಕದಲಲಿಲ್ಲ. ಭಾವ ಇವತ್ತು ಆ ಮುಚ್ಚಳ ತಿರುಗಿಸಿದರೆ ತಾನು ಸಾಯುವವರೆಗೂ ಸಪ್ಪೆಯೇ ಎಂದು ಅವನಿಗೆ ಖಾತ್ರಿಯಾಯಿತು.

"ಅಣ್ಣಾ, ಡಾಕ್ಟರು ಏನಂದಿದ್ರು?" ಎಂದಳು ಹೆಂಡತಿ.

"ಡಾಕ್ಟರು ಫುಟ್‌ಬಾಲ್ ನೋಡಲ್ಲಮ್ಮ."

ಆಟ ಶುರುವಾಯಿತು. ಮಗಳನ್ನು ಮೊದಲು ಗುರುತಿಸಿದವಳು ಹೆಂಡತಿಯೇ. "ಅಗೋ, ಆಚೆ ಗೆರೆ ಮೇಲೆ, ಕಪ್ಪಂಗಿ." ಎಲ್ಲರೂ ಮುಂದೆ ಬಾಗಿದರು. ಮೈದಾನದ ಆಚೆ ಅಂಚಿನಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಆಕೃತಿಯೊಂದು ಚೆಂಡಿನ ಜೊತೆ ಮುಂದಕ್ಕೆ, ಮತ್ತೆ ಹಿಂದಕ್ಕೆ, ಅಡ್ಡಡ್ಡ ಹೆಜ್ಜೆ ಹಾಕುತ್ತ ಓಡುತ್ತಿತ್ತು. ಕ್ಯಾಮೆರಾ ಚೆಂಡಿನ ಹಿಂದೆ ಹೋಗಿಬಿಡುತ್ತಿತ್ತು. ಒಮ್ಮೆ ಅವಳ ಕಾಲು ಮಾತ್ರ ಕಂಡಿತು. ಇನ್ನೊಮ್ಮೆ ಬರೀ ಬಾವುಟ. ಹಸಿರಿನವರು ಒಂದು ಗೋಲು ಹೊಡೆದರು, ಹಳದಿಯವರು ಒಂದು. ನಲವತ್ತೈದು ನಿಮಿಷದಲ್ಲಿ ಅವಳ ಮುಖ ಒಮ್ಮೆಯೂ ಬರಲಿಲ್ಲ.

"ಅವಳನ್ನ ತೋರಿಸ್ತಾನೇ ಇಲ್ವಲ್ಲ," ಎಂದರು ಟೀಚರಮ್ಮ ಬೇಸರದಿಂದ.

"ತಪ್ಪು ಮಾಡಿಲ್ಲ, ಅದಕ್ಕೆ ತೋರಿಸ್ತಿಲ್ಲ," ಎಂದ ಅಡುಗೆಯವನು. ಹೇಳಿದ ಮೇಲೆ ಅವನ ಎದೆ ತುಂಬಿ ಬಂತು.

ನಾಲ್ಕು ನಲವತ್ತಾರಕ್ಕೆ ಸೀಟಿ ಮೊಳಗಿತು. ನಾಲ್ಕು ನಲವತ್ತೆಂಟಕ್ಕೆ ಹನ್ನೊಂದು ಜನರ ಕೈಯಲ್ಲೂ ತಟ್ಟೆ ಇತ್ತು. ಬಡಿಸಿದ್ದು ಅವನೇ. ನಾಲ್ಕು ತಟ್ಟೆ ಮಗುಚಿದ ಮುಚ್ಚಳದ ಪಾತ್ರೆಯಿಂದ, ಉಳಿದದ್ದು ಇನ್ನೊಂದರಿಂದ. ತಟ್ಟೆಗಳನ್ನು ಅಕ್ಕಪಕ್ಕ ಇಟ್ಟರೂ ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಭಾವನ ತಟ್ಟೆಯನ್ನು ಅವನು ತಾನೇ ಒಯ್ದು ಕೊಟ್ಟು, ಹತ್ತಿರದಲ್ಲೇ ನೀರಿನ ಜಗ್ ಹಿಡಿದು ನಿಂತ.

ಭಾವ ಎಡಗೈಯಲ್ಲಿ ಉಪ್ಪಿನ ಡಬ್ಬಿ ಎತ್ತಿಕೊಂಡ. ಎಲ್ಲರ ಕಡೆ ಒಮ್ಮೆ ನೋಡಿ, ತಮಾಷೆ ಇನ್ನಷ್ಟು ಬೆಳೆಯಲೆಂದು ಬಲಗೈಯಿಂದ ಒಂದು ಚಮಚ ಸಾರು ಬಾಯಿಗಿಟ್ಟ. ಜಗಿದ. ನುಂಗಿದ. ಇನ್ನೊಂದು ಚಮಚ ತೆಗೆದುಕೊಂಡ. ಮೂರನೆಯದಕ್ಕೆ ಎಡಗೈ ಅಡ್ಡ ಬಂತು. ಡಬ್ಬಿಯನ್ನು ಮತ್ತೆ ಮೇಜಿನ ಮೇಲಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ಆಲೂಗಡ್ಡೆ ಮುರಿದುಕೊಂಡ.

"ಲೇ ಸಪ್ಪೆ," ಎಂದ ಬಾಯಿ ತುಂಬ ಇಟ್ಟುಕೊಂಡೇ, "ಕೊನೆಗೂ ಉಪ್ಪು ಹಾಕೋದು ಕಲಿತೆಯಲ್ಲಯ್ಯಾ."

ಅಡುಗೆಯವನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಒಂದೇ ಒಂದು ವಾಕ್ಯ, ಅಷ್ಟೇ. ಮೂರು ವರ್ಷದ ನೋವಿಗೆ ಅಲ್ಲೇ ಉತ್ತರ ಸಿಗುತ್ತಿತ್ತು. ಎದುರಿನಲ್ಲಿ ಹೆಂಡತಿ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಹೇಳಿದರೆ ಮುಂದಿನ ತುತ್ತಿಗೇ ಭಾವನಿಗೆ ಸಾರು ಸಪ್ಪೆಯೆನಿಸುತ್ತದೆ, ಡಬ್ಬಿಯ ಸೀಲು ಹರಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ನೀರು ಬೇಕಾ ಭಾವ?" ಎಂದ ಅವನು.

ಐದು ಗಂಟೆ ಒಂದು ನಿಮಿಷಕ್ಕೆ ಎಲ್ಲರೂ ಕೂತಿದ್ದರು. ಅವನ ಪಟ್ಟಿ ಒಂದು ನಿಮಿಷವೂ ತಪ್ಪಿರಲಿಲ್ಲ. ತಪ್ಪಿದ್ದು ಆಮೇಲೆ. ಐದೂ ಇಪ್ಪತ್ತಕ್ಕೆ ಡ್ರೈವರ್ ಭಾವ ಖಾಲಿ ತಟ್ಟೆಯನ್ನು ಅವನ ಕಡೆ ಚಾಚಿದ.

"ಇನ್ನೊಂದು ಸಲ ಹಾಕ್ಕೊಂಡು ಬಾರಯ್ಯಾ."

"ಆಟ ಮುಗಿದ ಮೇಲೆ ಕೊಡ್ಲಾ?"

"ಆಟ ಮುಗಿಯೋ ಹೊತ್ತಿಗೆ ಆ ಎಲೆಕ್ಟ್ರಿಷಿಯನ್ ಪಾತ್ರೆ ತೊಳೆದಿರ್ತಾನೆ."

ಪಟ್ಟಿಯಲ್ಲಿ ಎರಡನೆಯ ಬಡಿಸುವಿಕೆ ಇರಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಅವನ ಅಡುಗೆಯನ್ನು ಯಾರೂ ಎರಡನೆಯ ಸಲ ಕೇಳಿರಲಿಲ್ಲ. ಕೇಳಬಹುದೆಂದು ಅವನಿಗೆ ಹೊಳೆದೂ ಇರಲಿಲ್ಲ. ತಟ್ಟೆ ಹಿಡಿದು ಅಡುಗೆಮನೆಗೆ ಓಡಿದ. ಬಾಗಿಲಲ್ಲೇ ನಿಂತ. ಒಲೆಯ ಮೇಲೆ ಎರಡು ಪಾತ್ರೆ, ಎರಡಕ್ಕೂ ಮುಚ್ಚಳ ನೆಟ್ಟಗೆ. ಪಾತ್ರೆಗಳ ಜಾಗವೂ ಬದಲಾಗಿತ್ತು. ಒಲೆಯ ಕಟ್ಟೆ ಒರೆಸಿ ಫಳಫಳ ಎನ್ನುತ್ತಿತ್ತು.

"ಟೀಚರಮ್ಮಾ," ಎಂದು ಅಲ್ಲಿಂದಲೇ ಕೂಗಿದ, "ಒಲೆ ಹತ್ರ ಏನಾದ್ರೂ ಮಾಡಿದ್ರಾ?"

"ಕೈ ತೊಳೆಯೋಕೆ ಬಂದೋಳು ಸ್ವಲ್ಪ ಒರೆಸಿದೆನಪ್ಪಾ. ಒಂದು ಮುಚ್ಚಳ ತಲೆಕೆಳಗಾಗಿತ್ತು, ಸರಿಯಾಗಿ ಮುಚ್ಚಿಟ್ಟೆ."

ಮೂವತ್ತೈದು ವರ್ಷ ಮಕ್ಕಳ ಸಾಲು ನೇರ ಮಾಡಿದ ಕೈ ಅದು. ಬೈಯುವಂತಿರಲಿಲ್ಲ. ಅವನು ಎರಡೂ ಮುಚ್ಚಳ ತೆಗೆದು ನೋಡಿದ. ಒಂದೇ ಬಣ್ಣ, ಒಂದೇ ಗಟ್ಟಿ, ಮೇಲೆ ತೇಲುವ ಎಣ್ಣೆಯೂ ಒಂದೇ. ಹತ್ತು ದಿನ ಅದಕ್ಕೇ ಒದ್ದಾಡಿದ್ದ. ಇದರಿಂದ ಒಂದು ಚಮಚ ರುಚಿ ನೋಡಿದ, ಅದರಿಂದ ಒಂದು ಚಮಚ. ಎರಡೂ ಚೆನ್ನಾಗಿದ್ದವು. ಮತ್ತೆ ನೋಡಿದ. ಮತ್ತೂ ಚೆನ್ನಾಗಿದ್ದವು. ಸುಮ್ಮನೆ ಯಾವುದಾದರೊಂದರಿಂದ ಹಾಕಿದರೆ ಏನೂ ಆಗದಿರಬಹುದು, ಒಂದು ತಟ್ಟೆಯಿಂದ ಯಾರೂ ಸಾಯುವುದಿಲ್ಲ. ಆದರೆ ಇಪ್ಪತ್ತಾರು ವರ್ಷದಲ್ಲಿ ಅವನ ಕೈಯಿಂದ ಒಂದು ತಟ್ಟೆಯೂ ತಪ್ಪಿ ಹೋಗಿರಲಿಲ್ಲ, ಸ್ವಂತ ಮನೆಯಲ್ಲಿ, ಮಗಳ ದಿನದಂದು ಅದು ಶುರುವಾಗುವುದು ಬೇಡ.

ಹೊರಗೆ ಟಿವಿಯಲ್ಲಿ ಗದ್ದಲ ಏರುತ್ತಿತ್ತು. ಅವನು ನಲ್ಲಿಯ ನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸಿದ. ಕಣ್ಣು ಮುಚ್ಚಿಕೊಂಡು ಎಡಗಡೆಯದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಾದ. ಈರುಳ್ಳಿಯ ಸಿಹಿ, ಆಮೇಲೆ ಖಾರ. ಮತ್ತೆ ಬಾಯಿ ಮುಕ್ಕಳಿಸಿದ. ಬಲಗಡೆಯದು. ನಿಂಬೆಯ ಹುಳಿ ಎಲ್ಲಕ್ಕಿಂತ ಮೊದಲು ಬಂತು, ಕೂದಲೆಳೆಯಷ್ಟು ಮೊದಲು. ಉಪ್ಪಿನ ಜಾಗದಲ್ಲಿ ಅವನೇ ನಿಲ್ಲಿಸಿದ್ದ ಹುಳಿ. ಇದೇ. ಅವನು ಸೌಟು ಹಾಕಿದ.

ಆಗ ಹೊರಗೆ ಮನೆಯೇ ಹಾರಿಹೋಗುವ ಹಾಗೆ ಕೂಗು ಎದ್ದಿತು. ಭಾವನ ದನಿ ಎಲ್ಲಕ್ಕಿಂತ ಮೇಲಿತ್ತು: "ಗೋಲ್, ಗೋಲ್." ಕುರ್ಚಿಯೊಂದು ಉರುಳಿದ ಸದ್ದು. ಅದರ ಹಿಂದೆಯೇ, ಒಮ್ಮೆಲೇ, ಎಲ್ಲ ನಿಂತುಹೋಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಟಿವಿಯವನ ಮಾತೊಂದೇ ಉಳಿಯಿತು.

ಅವನು ತಟ್ಟೆ ಹಿಡಿದು ಹೊರಗೆ ಬಂದ. ಎಲ್ಲರೂ ಎದ್ದು ನಿಂತಿದ್ದರು. ಹೆಂಡತಿಯ ಕೈ ಬಾಯಿಯ ಮೇಲಿತ್ತು. ಟಿವಿಯ ತುಂಬ ಮಗಳ ಮುಖ. ಬಿಗಿದು ಕಟ್ಟಿದ ಕೂದಲು, ಕೆನ್ನೆಯ ಮೇಲೆ ಇಳಿಯುತ್ತಿದ್ದ ಬೆವರು, ನೇರ ಮೇಲೆತ್ತಿದ ಕೈಯಲ್ಲಿ ಬಾವುಟ. ಅವಳಿಗಿಂತ ಎರಡು ಗೇಣು ಎತ್ತರದ ಮೂವರು ಹಸಿರು ಅಂಗಿಯವರು ಕೈ ಬೀಸುತ್ತ ಅವಳ ಮೈಮೇಲೆ ಬರುವಂತೆ ಬಂದರು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಮೈದಾನದ ತುಂಬ ಜನ ಅವಳನ್ನು ಬೈಯುತ್ತಿದ್ದರು.

"ಗೋಲು ಹೋಯ್ತು," ಎಂದು ಎಲೆಕ್ಟ್ರಿಷಿಯನ್ ಮೆಲ್ಲಗೆ ಹೇಳಿದ. "ಆಫ್‌ಸೈಡ್ ಅಂತೆ. ಚೆಂಡು ಬರೋಕೆ ಮುಂಚೆನೇ ಎದುರಿನವರನ್ನ ದಾಟಿ ನಿಂತಿದ್ನಂತೆ."

ಡ್ರೈವರ್ ಭಾವನ ಮುಖ ಕೆಂಪಾಗಿತ್ತು. ಬೇರೆ ಯಾರಾಗಿದ್ದರೂ ಅಷ್ಟು ಹೊತ್ತಿಗೆ ಅವನ ಬಾಯಿಂದ ಬಸ್ ನಿಲ್ದಾಣದ ಮಾತುಗಳೆಲ್ಲ ಉದುರಿರುತ್ತಿದ್ದವು. ಅವನು ತಂಗಿಯ ಕಡೆ ನೋಡಿದ, ಅಡುಗೆಯವನ ಕಡೆ ನೋಡಿದ, ಮಾತನ್ನು ಕಷ್ಟಪಟ್ಟು ನುಂಗಿದ. "ನಮ್ಮ ಮನೆ ಹುಡುಗೀನೇ ನಮಗೆ ಹೀಗೆ ಮಾಡಿದ್ರೆ," ಎಂದಷ್ಟೇ ಹೇಳಿ ನಿಲ್ಲಿಸಿದ.

ಟಿವಿಯಲ್ಲಿ ಮತ್ತೆ ತೋರಿಸಿದರು, ನಿಧಾನವಾಗಿ. ಚೆಂಡು ಹಸಿರು ಆಟಗಾರನ ಕಾಲಿನಿಂದ ಹೊರಡುವ ಗಳಿಗೆಗೆ ಚಿತ್ರ ನಿಂತಿತು. ಹಳದಿಯವರಲ್ಲಿ ಎಲ್ಲರಿಗಿಂತ ಹಿಂದಿದ್ದ ಆಟಗಾರನ ಮೇಲೆ ಒಂದು ಗೆರೆ ಎಳೆದರು. ಮುಂದೆ ನುಗ್ಗುತ್ತಿದ್ದ ಹಸಿರಿನವನ ಮೊಣಕಾಲು ಗೆರೆಯ ಆಚೆ ಇತ್ತು. ಮೊಣಕಾಲು ಮಾತ್ರ. ಚಿತ್ರದ ಅಂಚಿನಲ್ಲಿ, ಅದೇ ಗೆರೆಯ ಮೇಲೆ, ಗೆರೆ ಎಳೆದವರಿಗಿಂತ ಮೊದಲೇ, ಮಗಳು ನಿಂತಿದ್ದಳು.

ಎಲ್ಲರೂ ಭಾವನ ಬಾಯಿಗಾಗಿ ಕಾದರು. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಟಿವಿಯ ಹತ್ತಿರಕ್ಕೆ ಹೋಗಿ, ಮೂಗು ತಾಗುವಷ್ಟು ಬಾಗಿ ನೋಡಿದ. ಮೂರನೆಯ ಸಲ ತೋರಿಸುವವರೆಗೂ ಹಾಗೇ ಇದ್ದ.

"ಮುಂದಿದ್ದ," ಎಂದ ಕೊನೆಗೆ. "ಆಫ್‌ಸೈಡೇ. ಇವಳು ಹೇಳಿದ್ದೇ ಸರಿ." ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕುಸಿದು ಕೂತ. ಅವನ ಕಣ್ಣು ಒದ್ದೆಯಾಗಿತ್ತು, ಅದು ಗೋಲು ಹೋದದ್ದಕ್ಕೋ ತಂಗಿಯ ಮಗಳಿಗೋ ಹೇಳುವುದು ಕಷ್ಟ. "ನಲವತ್ತು ಸಾವಿರ ಜನ ಬೈತಿದಾರಲ್ಲಯ್ಯಾ. ನಾನು ಬಸ್ಸಿನಲ್ಲಿ ನಲವತ್ತು ಜನ ಬೈದ್ರೆ ಬ್ರೇಕ್ ಹಾಕ್ಬಿಡ್ತಿದ್ದೆ. ಅವಳು ಕೈ ಇಳಿಸಲೇ ಇಲ್ಲ."

ಮಗಳ ಕೈ ಮೇಲೇರಿದ ಆ ಕ್ಷಣವನ್ನು ಮನೆಯಲ್ಲಿ ನೋಡದೆ ಉಳಿದವನು ಅಡುಗೆಯವನೊಬ್ಬನೇ. ಆದರೂ ಅಂಥ ಹೆಮ್ಮೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅವನು ತಟ್ಟೆ ಚಾಚಿದ. ಭಾವ ನೋಡದೆಯೇ ಇಸಿದುಕೊಂಡು, ಹರಕೆ ತೀರಿಸುವವನ ಹಾಗೆ ಗಂಭೀರವಾಗಿ ತಿನ್ನತೊಡಗಿದ. ಡಬ್ಬಿ ಅವನ ಮೊಣಕೈಯ ಪಕ್ಕದಲ್ಲೇ ಇತ್ತು. ಪಂದ್ಯ ಒಂದು ಒಂದಕ್ಕೆ ಮುಗಿಯಿತು.

ಹೊರಡುವಾಗ ಟೀಚರಮ್ಮ ಕುರ್ಚಿ ಎತ್ತಿಕೊಂಡು, ಹುಡುಗಿ ಬಂದಾಗ ತಮ್ಮ ಮನೆಗೆ ಕಳಿಸಬೇಕೆಂದು ಎರಡು ಸಲ ಹೇಳಿದರು. ಡ್ರೈವರ್ ಭಾವ ಎಲ್ಲರಿಗಿಂತ ಕೊನೆಗೆ ಎದ್ದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಅಡುಗೆಯವನ ಹೆಗಲ ಮೇಲೆ ಕೈಯಿಟ್ಟು ಆಧಾರ ಮಾಡಿಕೊಂಡ.

"ಇನ್ನು ನಿನ್ನನ್ನ ಸಪ್ಪೆ ಅಂತ ಕರೆಯೋಕಾಗಲ್ಲ ಬಿಡು."

"ಕರೀರಿ ಭಾವ, ಪರವಾಗಿಲ್ಲ."

"ಇಲ್ಲಯ್ಯಾ, ನ್ಯಾಯ ಅಂದ್ರೆ ನ್ಯಾಯ. ಇವತ್ತು ಬಾಯಿಗೆ ರುಚಿ ಬಂತು." ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿ ಅವನು ದನಿ ತಗ್ಗಿಸಿದ. "ಆದ್ರೆ ಮುಂದಿನ ಸಲ ಉಪ್ಪು ಸ್ವಲ್ಪ ಕಡಿಮೆ ಹಾಕು. ಡಾಕ್ಟರಿಗೆ ಗೊತ್ತಾದ್ರೆ ಬೈತಾರೆ."

ಅಡುಗೆಯವನ ಹಿಂದೆ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅವನು ಮಾತ್ರ, ಡಾಕ್ಟರ ಎದುರು ನಿಂತು ಪಥ್ಯದ ಚೀಟಿ ಬರೆದುಕೊಳ್ಳುವಾಗಿನ ಮುಖದಲ್ಲೇ, ಆಗಲಿ ಭಾವ, ಕಡಿಮೆ ಮಾಡ್ತೀನಿ ಎಂದ.

ಮಗಳ ಫೋನು ಬಂದಾಗ ಅವನು ತಟ್ಟೆ ತೊಳೆಯುತ್ತಿದ್ದ. ಹೆಂಡತಿ ಫೋನನ್ನು ಅವನ ಕಿವಿಗೆ ಹಿಡಿದು, ತನ್ನ ಕಿವಿಯನ್ನೂ ಅದರ ಹಿಂದಕ್ಕೆ ಆನಿಸಿಕೊಂಡಳು. ಅತ್ತ ಕಡೆ ಗದ್ದಲವಿತ್ತು, ಯಾರೋ ಬಾಗಿಲು ಹಾಕುತ್ತಿದ್ದರು.

"ಅಪ್ಪಾ, ನೋಡಿದ್ಯಾ?"

"ಆ ಹೊತ್ತಿಗೆ ಅಡುಗೆಮನೇಲಿದ್ದೆ ಕಣಮ್ಮಾ. ಆಮೇಲೆ ತೋರಿಸಿದ್ದು ನೋಡಿದೆ."

"ಅಯ್ಯೋ, ಯಾಕೆ?"

"ನಿಮ್ಮ ಮಾಮ ಎರಡನೇ ಸಲ ಹಾಕಿಸ್ಕೊಂಡ್ರು."

ನಲವತ್ತು ಸಾವಿರ ಜನರ ಎದುರು ನಡುಗದವಳ ದನಿ ಈಗ ಸ್ವಲ್ಪ ನಡುಗಿತು.

"ಎರಡನೇ ಸಲನಾ? ಡಬ್ಬಿ ತಂದಿದ್ರು ಅಂತ ಅಮ್ಮ ಮೆಸೇಜ್ ಹಾಕಿದ್ಲು. ತೆಗೆದ್ರಾ?"

"ಮುಟ್ಟಲಿಲ್ಲ."

"ಗೊತ್ತಾಗಲಿಲ್ವಾ?"

"ಯಾರಿಗೂ ಗೊತ್ತಾಗಲಿಲ್ಲ."

"ಅಪ್ಪಾ," ಎಂದಳು ಅವಳು. "ರೆಫ್ರಿಗಳು ಗೆದ್ವಿ ಅನ್ನೋ ಹಾಗಿಲ್ಲ. ಆದ್ರೆ ಗೆದ್ವಿ ಅಪ್ಪಾ."

ಫೋನು ಇಟ್ಟ ಮೇಲೆ ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೊರಗಿನ ಕೋಣೆಗೆ ಬಂದ. ಕುರ್ಚಿಗಳು ಇನ್ನೂ ಟಿವಿಯ ಕಡೆಗೇ ಮುಖ ಮಾಡಿದ್ದವು. ಮೇಜಿನ ಮೇಲೆ ಭಾವ ಮರೆತುಹೋದ ಉಪ್ಪಿನ ಡಬ್ಬಿ ಇತ್ತು. ಅವನು ಅದನ್ನು ಎತ್ತಿ, ಕೆಂಪು ಮುಚ್ಚಳದ ಸುತ್ತಲಿನ ಸೀಲಿನ ಮೇಲೆ ಹೆಬ್ಬೆರಳು ಆಡಿಸಿದ. ಗಾಜಿನ ಬೀರುವಿನ ಬಾಗಿಲು ತೆಗೆದ. ಅಲ್ಲಿ ಮಗಳು ಮಣ್ಣಿನ ಮೈದಾನದಲ್ಲಿ ಮೊದಲ ಪಂದ್ಯಕ್ಕೆ ಹಿಡಿದಿದ್ದ, ಬಣ್ಣ ಮಾಸಿದ ಬಾವುಟವಿತ್ತು. ಅದರ ಪಕ್ಕಕ್ಕೆ ಡಬ್ಬಿ ಇಟ್ಟು, ಅದರ ಮೇಲಿನ ‘ಉಪ್ಪು’ ಎಂಬ ಹೆಸರು ಮುಂದೆ ಕಾಣುವ ಹಾಗೆ ಸ್ವಲ್ಪ ತಿರುಗಿಸಿ, ಬಾಗಿಲು ಹಾಕಿದ.